ಹೆಸರಿನಿಂದ ಸಂಖ್ಯೆಗೆ, ಸಂಖ್ಯೆಯಿಂದ ಹೆಸರಿಗೆ: ಕವಲೊಡೆಯುವ ದೂರವಾಣಿ ಕರೆಯ ಕಥೆ

ದೂರವಾಣಿಯ ಚರಿತ್ರೆ ಎಂದೊಡನೆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರು ನೆನಪಿಗೆ ಬರುವುದು ಸಹಜ. 1876ರಲ್ಲಿ ಅವನು ಪೇಟೆಂಟು ಪಡೆದ ಸಂಗತಿ ಶಾಲೆಯ ಪಠ್ಯಪುಸ್ತಕದಲ್ಲೇ ಇದೆ. ಆದರೆ ಮಾತನ್ನು ತಂತಿಯ ಮೇಲೆ ಹರಿಸುವುದು ಅರ್ಧ ಕೆಲಸ ಮಾತ್ರ. ಆ ಮಾತು ಯಾರಿಗೆ ಸೇರಬೇಕೋ ಅವರು ಎಲ್ಲಿದ್ದಾರೆಂದು ಹುಡುಕಿ, ಅವರ ಕಿವಿಗೆ ಮುಟ್ಟಿಸುವುದು ಉಳಿದರ್ಧ. ಈ ಉಳಿದರ್ಧದ ಕಥೆಯನ್ನು ಹೇಳುವವರು ಕಡಿಮೆ.

ಇಂದು ಎಷ್ಟೋ ಕಚೇರಿಗಳಲ್ಲಿ ಒಬ್ಬ ಅಧಿಕಾರಿಗೆ ಕರೆ ಬಂದರೆ ಮೇಜಿನ ಮೇಲಿನ ಫೋನು, ಎದುರಿಗಿರುವ ಕಂಪ್ಯೂಟರು, ಜೇಬಿನಲ್ಲಿರುವ ಮೊಬೈಲು ಮೂರೂ ಒಮ್ಮೆಗೇ ಸದ್ದು ಮಾಡುತ್ತವೆ. ಒಂದನ್ನು ಎತ್ತಿಕೊಂಡರೆ ಉಳಿದೆರಡು ತಾವಾಗಿಯೇ ಸುಮ್ಮನಾಗುತ್ತವೆ. ಹೀಗೆ ಒಂದೇ ಕರೆ ಹಲವು ದಾರಿಗಳಾಗಿ ಒಡೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಫೋರ್ಕಿಂಗ್’ ಎನ್ನುತ್ತಾರೆ. ನಾವು ‘ಕವಲೊಡೆಯುವುದು’ ಎನ್ನೋಣ. ನೋಡಲು ಇದೊಂದು ಸಣ್ಣ ಸೌಕರ್ಯ. ಆದರೆ ಅದರ ಹಿಂದೆ ನೂರಿಪ್ಪತ್ತು ವರ್ಷಗಳ ಒಂದು ಪ್ರಶ್ನೆಯಿದೆ: ಕರೆ ಮಾಡುವವನು ಕರೆಯುವುದು ಸ್ಥಳವನ್ನೋ, ಮನುಷ್ಯನನ್ನೋ?

ಮೊದಲು ಇದ್ದದ್ದು ಹೆಸರೇ

1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ವಿನಿಮಯ ಕೇಂದ್ರ ಆರಂಭವಾಯಿತು. ಅದಕ್ಕಿದ್ದ ಚಂದಾದಾರರು 21 ಮಂದಿ. ಮುಂದಿನ ತಿಂಗಳು ಅಲ್ಲಿ ಅಚ್ಚಾದ ದೂರವಾಣಿ ಕೈಪಿಡಿ ಒಂದೇ ಹಾಳೆಯದು. ಅದರಲ್ಲಿ ಹೆಸರುಗಳಿದ್ದುವೇ ಹೊರತು ಒಂದು ಸಂಖ್ಯೆಯೂ ಇರಲಿಲ್ಲ. ‘ಇಂಥವರು ಬೇಕು’ ಎಂದು ಹೇಳಿದರೆ ಆಪರೇಟರು ಸರಿಯಾದ ತೂತಿಗೆ ತಂತಿ ಸಿಕ್ಕಿಸಿ ಜೋಡಿಸುತ್ತಿದ್ದ. ಊರು ಚಿಕ್ಕದು, ಎಲ್ಲರೂ ಪರಿಚಿತರು. ವೈದ್ಯರು ಮನೆಯಲ್ಲಿಲ್ಲ ಎಂದು ಗೊತ್ತಿದ್ದರೆ ಅವರಿರುವ ಕಡೆಗೇ ಕರೆಯನ್ನು ಕೊಡುವಷ್ಟು ವಿವೇಕವನ್ನು ಆಪರೇಟರಿನಿಂದ ನಿರೀಕ್ಷಿಸಬಹುದಿತ್ತು.

ಸಂಖ್ಯೆಗಳು ಬಂದದ್ದು ಅನಾರೋಗ್ಯದ ಭಯದಿಂದ ಎಂದು ಹೇಳುತ್ತಾರೆ. 1879ರ ಕೊನೆಗೆ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ನಲ್ಲಿ ದಡಾರ ಹರಡಿತ್ತು. ಇರುವ ನಾಲ್ವರು ಆಪರೇಟರುಗಳೂ ಮಲಗಿಬಿಟ್ಟರೆ ಹೊಸಬರಿಗೆ ಯಾರ ತಂತಿ ಯಾವುದೆಂದು ತಿಳಿಯುವುದು ಹೇಗೆ ಎಂದು ಯೋಚಿಸಿದ ಡಾ. ಮೋಸೆಸ್ ಗ್ರೀಲಿ ಪಾರ್ಕರ್ ಎಂಬ ವೈದ್ಯರು, ಪ್ರತಿ ಚಂದಾದಾರನಿಗೂ ಒಂದು ಸಂಖ್ಯೆ ಕೊಡಿ ಎಂದು ಸಲಹೆ ಮಾಡಿದರಂತೆ. ಒಬ್ಬರ ನೆನಪಿನ ಮೇಲೆ ನಿಂತಿದ್ದ ಕೆಲಸ ಹೀಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು.

ಆಮೇಲೆ ಬಂದದ್ದು ಸ್ಟ್ರೌಜರ್ ಯಂತ್ರ. ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆ ಎಂಬ ಸಂಶಯದಿಂದ ಆಪರೇಟರೇ ಬೇಡವಾದ ಯಂತ್ರವನ್ನು ಯೋಚಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. 1891ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು. 1892ರಲ್ಲಿ ಇಂಡಿಯಾನದ ಲಾ ಪೋರ್ಟ್‌ನಲ್ಲಿ ಯಂತ್ರ ಕೆಲಸ ಆರಂಭಿಸಿತು. ಮುಂದೆ ಈ ಯಂತ್ರ ಸುಧಾರಿಸಿದ ರೂಪದಲ್ಲಿ ಡಯಲ್ ಒಂದು ಅಂಕೆ ತಿರುಗಿದರೆ ಒಳಗಿನ ಕೈ ಅಷ್ಟು ಮೆಟ್ಟಲು ಮೇಲೇರುತ್ತದೆ. ಮತ್ತೊಂದು ಅಂಕೆಗೆ ಅಷ್ಟು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಒಂದು ತಂತಿಯನ್ನು ಮುಟ್ಟಿ ನಿಲ್ಲುತ್ತದೆ. ಆಪರೇಟರ ಪಕ್ಷಪಾತ ಹೋಯಿತು. ಜೊತೆಗೆ ಅವಳ ವಿವೇಕವೂ ಹೋಯಿತು. ಯಂತ್ರಕ್ಕೆ ಗೊತ್ತಿದ್ದುದು ಒಂದೇ, ಈ ಸಂಖ್ಯೆ ಎಂದರೆ ಈ ತಂತಿ.

ನಮ್ಮ ದೇಶಕ್ಕೆ ದೂರವಾಣಿ ತಡವಾಗಿ ಬಂದದ್ದಲ್ಲ. 1882ರ ಜನವರಿ 28ರಂದು ಕಲ್ಕತ್ತೆಯ ವಿನಿಮಯ ಕೇಂದ್ರ 93 ಚಂದಾದಾರರೊಡನೆ ತೆರೆಯಿತು. ಮುಂಬಯಿ, ಮದರಾಸುಗಳಲ್ಲೂ ಆ ವರ್ಷವೇ ಆರಂಭ. 1913-14ರಲ್ಲಿ ಶಿಮ್ಲಾದಲ್ಲಿ 700 ಲೈನುಗಳ ಮೊದಲ ಸ್ವಯಂಚಾಲಿತ ಕೇಂದ್ರ ಬಂತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಆ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ದೇಶದ ಎಷ್ಟೋ ಊರುಗಳಲ್ಲಿ ಟಕಟಕ ಸದ್ದು ಮಾಡುತ್ತಿದ್ದ ಸ್ಟ್ರೌಜರ್ ಯಂತ್ರಗಳು ಕನ್ನಡನಾಡಿನ ಆ ಕಾರ್ಖಾನೆಯಲ್ಲಿ ಹುಟ್ಟಿದವು ಎಂಬುದು ಹೊರನಾಡಿನ ಕನ್ನಡಿಗರು ನೆನೆಯಬೇಕಾದ ಸಂಗತಿ.

ಸಂಖ್ಯೆ ಎಂದರೆ ತಂತಿ ಎಂದಾದ ಮೇಲೆ ಒಂದು ಕೊರತೆ ಶತಮಾನದುದ್ದಕ್ಕೂ ಉಳಿಯಿತು. ಬೇಕಾದ ಮನುಷ್ಯ ತಂತಿಯ ತುದಿಯಲ್ಲಿ ಇಲ್ಲದಿದ್ದರೆ ಕರೆ ವ್ಯರ್ಥ. ಪರಿಹಾರಗಳು ಇರಲಿಲ್ಲವೆಂದಲ್ಲ. ಒಂದೇ ತಂತಿಗೆ ಎರಡು ಉಪಕರಣ ಹಾಕಿಸಿದರೆ ಎರಡೂ ಕೋಣೆಗಳಲ್ಲಿ ಗಂಟೆ ಬಾರಿಸುತ್ತಿತ್ತು. ಆದರೆ ಒಂದು ಕಡೆ ಮಾತಾಡುವಾಗ ಇನ್ನೊಂದು ಕಡೆ ಎತ್ತಿದವರಿಗೆ ಎಲ್ಲವೂ ಕೇಳುತ್ತಿತ್ತು. ದೊಡ್ಡ ಕಚೇರಿಗಳಿಗೆ ಸಾಲಾಗಿ ಹಲವು ಲೈನು ಕೊಟ್ಟು, ಒಂದು ‘ಎಂಗೇಜ್’ ಇದ್ದರೆ ಯಂತ್ರ ಮುಂದಿನದನ್ನು ಹುಡುಕುವಂತೆ ಮಾಡುತ್ತಿದ್ದರು. ಒಟ್ಟಿಗೆ ಬಾರಿಸುವುದು, ಒಂದಾದ ಮೇಲೊಂದು ನೋಡುವುದು: ಇಂದಿನ ಕವಲುಗಳ ಎರಡು ಬಗೆಗಳೂ ಹಳೆಯ ತಂತಿಯಲ್ಲೇ ಮೊಳಕೆಯಾಗಿದ್ದುವು. ಆದರೆ ಅವು ಒಂದು ಮನೆಯ, ಒಂದು ಕಟ್ಟಡದ ಎಲ್ಲೆ ದಾಟಲಾರದಾಗಿದ್ದುವು.

ಹೆಸರು ಮರಳಿ ಬಂದದ್ದು

1995ರಲ್ಲಿ ವೋಕಲ್‌ಟೆಕ್ ಎಂಬ ಇಸ್ರೇಲಿನ ಸಂಸ್ಥೆ ಇಂಟರ್ನೆಟ್ ಮೂಲಕ ಮಾತಾಡುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಮಾತೇನೋ ಹರಿಯಿತು, ಆದರೆ ಮನುಷ್ಯನನ್ನು ಹುಡುಕುವ ಕ್ರಮ ಬೇಕಲ್ಲ? 1996ರಲ್ಲಿ ಮಾರ್ಕ್ ಹ್ಯಾಂಡ್ಲಿ ಮತ್ತು ಈವ್ ಸ್ಕೂಲರ್ ಒಂದು ಕರಡನ್ನೂ, ಹೆನ್ನಿಂಗ್ ಶುಲ್ಟ್ಸ್‌ರಿನ್ನೆ ಇನ್ನೊಂದನ್ನೂ ಮುಂದಿಟ್ಟರು. ಎರಡನ್ನೂ ಕೂಡಿಸಿದ್ದೇ ‘ಸೆಷನ್ ಇನಿಷಿಯೇಷನ್ ಪ್ರೋಟೋಕಾಲ್’, ಚಿಕ್ಕದಾಗಿ ‘ಸಿಪ್’. ಜೊನಾಥನ್ ರೋಸನ್‌ಬರ್ಗ್ ಅವರೂ ಸೇರಿ ನಾಲ್ವರ ಹೆಸರಿನಲ್ಲಿ 1999ರ ಮಾರ್ಚಿಯಲ್ಲಿ ಅದು ಆರ್.ಎಫ್.ಸಿ. 2543 ಎಂದು ಪ್ರಕಟವಾಯಿತು. 2002ರ ಜೂನಿನಲ್ಲಿ ಅದನ್ನು ತಿದ್ದಿ ವಿಸ್ತರಿಸಿ ಆರ್.ಎಫ್.ಸಿ. 3261 ಹೊರಬಂತು.

ಈ ಏರ್ಪಾಟಿನಲ್ಲಿ ವಿಳಾಸವೆಂದರೆ ಇ-ಮೇಲಿನಂತೆ ಒಂದು ಹೆಸರು ಮತ್ತು ಆ ಹೆಸರನ್ನು ಕೊಟ್ಟ ಸಂಸ್ಥೆ. ಅದು ಯಾವ ಉಪಕರಣದ ವಿಳಾಸವೂ ಅಲ್ಲ, ಮನುಷ್ಯನ ವಿಳಾಸ. ಆ ಮನುಷ್ಯನ ಒಂದೊಂದು ಉಪಕರಣವೂ ‘ನಾನು ಈಗ ಇಲ್ಲಿದ್ದೇನೆ’ ಎಂದು ರಿಜಿಸ್ಟ್ರಾರ್ ಎಂಬ ಸರ್ವರಿಗೆ ವರದಿ ಮಾಡಿಕೊಳ್ಳುತ್ತದೆ. ಈ ನೋಂದಣಿಗೆ ಅವಧಿಯುಂಟು, ಹಲವು ಕಡೆ ಒಂದು ಗಂಟೆ. ಅಷ್ಟರೊಳಗೆ ಮತ್ತೆ ವರದಿ ಬಾರದಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ನ್ಯೂ ಹೇವನ್‌ನ ಆಪರೇಟರ ತಲೆಯಲ್ಲಿದ್ದ ತಿಳಿವಳಿಕೆ ಈಗ ಪಟ್ಟಿಯ ರೂಪದಲ್ಲಿ ಮರಳಿ ಬಂದಿತೆನ್ನಬಹುದು.

ಪಟ್ಟಿಯನ್ನು ನೋಡಿ ಕರೆಯನ್ನು ಮುಂದಕ್ಕೆ ಕಳುಹಿಸುವ ಯಂತ್ರವೇ ಪ್ರಾಕ್ಸಿ ಸರ್ವರ್. ಪಟ್ಟಿಯಲ್ಲಿ ಮೂರು ಸ್ಥಳಗಳಿದ್ದರೆ ಅದು ಬಂದ ಆಹ್ವಾನದ ಮೂರು ಪ್ರತಿ ಮಾಡಿ ಮೂರು ಕಡೆಗೂ ಒಮ್ಮೆಗೇ ಕಳುಹಿಸಬಹುದು. ಇಲ್ಲವೇ ಬಳಕೆದಾರನು ಕೊಟ್ಟ ಆದ್ಯತೆಯಂತೆ, ಸೊನ್ನೆಯಿಂದ ಒಂದರವರೆಗಿನ ದಶಮಾಂಶದಲ್ಲಿ ಸೂಚಿಸಿದ ಕ್ರಮವನ್ನು ಹಿಡಿದು, ಒಂದಾದ ಮೇಲೊಂದು ಬಾಗಿಲನ್ನು ತಟ್ಟಬಹುದು. ಇನ್ನೊಂದು ದಾರಿಯೂ ಉಂಟು. ಕೆಲವು ಸರ್ವರುಗಳು ತಾವು ಕರೆಯನ್ನು ಒಯ್ಯದೆ ‘ಇಗೋ ವಿಳಾಸಗಳು, ನೀನೇ ಹೋಗಿ ಕೇಳು’ ಎಂದು ಕರೆದವನಿಗೆ ಪಟ್ಟಿಯನ್ನೇ ಕೊಟ್ಟುಬಿಡುತ್ತವೆ. ಪ್ರಾಕ್ಸಿಯಾದರೋ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಒಬ್ಬರ ಮನೆ, ಕಚೇರಿ, ಜೇಬು ಎಲ್ಲದರ ಪತ್ತೆಯೂ ಕರೆದವರೆಲ್ಲರ ಕೈಗೆ ಹೋಗಬಾರದೆಂಬ ದೃಷ್ಟಿಯಿಂದ ಇದು ಗಮನಾರ್ಹ.

ಆವಕ, ಜಾವಕ

ಮೂರು ಪ್ರತಿ ಕಳುಹಿಸಿದರೆ ಮೂರು ಉತ್ತರ ಬರುತ್ತದೆ. ಯಾವ ಉತ್ತರ ಯಾವ ಪ್ರತಿಯದು? ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಒಂದೇ ಸುತ್ತೋಲೆ ಮೂರು ಶಾಖೆಗೆ ಹೋಗುವಾಗ ಪ್ರತಿಯೊಂದಕ್ಕೂ ಬೇರೆ ಜಾವಕ ಸಂಖ್ಯೆ ಹಾಕುತ್ತೇವೆ. ಉತ್ತರ ಬರೆಯುವವರು ಅದೇ ಸಂಖ್ಯೆಯನ್ನು ಉಲ್ಲೇಖಿಸುತ್ತಾರೆ. ಸಿಪ್‌ನಲ್ಲೂ ಹೀಗೆಯೇ. ಆಹ್ವಾನ ಹಾದುಬರುವ ಪ್ರತಿಯೊಂದು ಸರ್ವರೂ ಅದರ ತಲೆಯ ಮೇಲೆ ‘ವಯಾ’ ಎಂಬ ಒಂದು ಸಾಲನ್ನು ಸೇರಿಸುತ್ತದೆ. ನಮ್ಮ ಬಸ್ಸಿನ ಬೋರ್ಡಿನ ಮೇಲಿರುವ ‘ವಯಾ’ ಪದವೇ ಇದು. ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಪ್ರತಿ ಸರ್ವರೂ ತಾನು ಬರೆದ ಸಾಲನ್ನು ತೆಗೆದುಹಾಕಿ ಹಿಂದಿನವರಿಗೆ ಒಪ್ಪಿಸುತ್ತದೆ. ಆ ಸಾಲಿನಲ್ಲಿ ‘ಬ್ರಾಂಚ್’ ಎಂಬ ಗುರುತಿದೆ. ಕವಲೊಂದಕ್ಕೆ ಒಂದು ಬ್ರಾಂಚ್. ಎರಡು ಕವಲಿಗೆ ಒಂದೇ ಗುರುತು ಬೀಳುವಂತಿಲ್ಲ.

2002ರ ತಿದ್ದುಪಡಿಯಲ್ಲಿ ಈ ಗುರುತು ‘ಜೆಡ್, ಒಂಬತ್ತು, ಎಚ್, ಜಿ, ನಾಲ್ಕು, ಬಿ, ಕೆ’ ಎಂಬ ಏಳು ಅಕ್ಷರಗಳಿಂದಲೇ ಆರಂಭವಾಗಬೇಕೆಂದು ವಿಧಿಸಿದರು. ಅರ್ಥವಿಲ್ಲದ ಅಕ್ಷರಗಳು, ಹಳೆಯ ನಿಯಮದ ಯಂತ್ರ ಆಕಸ್ಮಿಕವಾಗಿ ಕೂಡ ಇಂಥದನ್ನು ಬರೆಯಲಾರದು. ಈ ಮುದ್ರೆ ಇದ್ದರೆ ಹೊಸ ನಿಯಮದ ಪತ್ರ, ಇಲ್ಲದಿದ್ದರೆ ಹಳೆಯದು. ಹಳಬರನ್ನು ಹೊರಗೆ ಹಾಕದೆ ಹೊಸ ಕ್ರಮವನ್ನು ತರುವ ಈ ಜಾಣ್ಮೆ ಮೆಚ್ಚತಕ್ಕದ್ದು.

ಉತ್ತರಿಸುವ ಉಪಕರಣವೂ ತನ್ನದೇ ಒಂದು ಗುರುತುಚೀಟಿಯನ್ನು ಅಂಟಿಸಿ ಕಳುಹಿಸುತ್ತದೆ. ಹಾಗಾಗಿ ಹೆಸರು ಒಂದೇ ಆದರೂ ಮಾತಾಡುತ್ತಿರುವುದು ಮೇಜಿನ ಫೋನೋ ಮೊಬೈಲೋ ಎಂಬುದರಲ್ಲಿ ಗೊಂದಲವಿಲ್ಲ. ಒಂದು ಕಡೆ ಎತ್ತಿಕೊಂಡ ಕೂಡಲೆ ಪ್ರಾಕ್ಸಿ ಆ ಒಪ್ಪಿಗೆಯನ್ನು ಕರೆದವನಿಗೆ ತಲುಪಿಸಿ, ಉಳಿದ ಕವಲುಗಳಿಗೆ ‘ರದ್ದು’ ಎಂದು ಹೇಳಿಕಳುಹಿಸುತ್ತದೆ. ಇಲ್ಲೂ ಒಂದು ಶಿಸ್ತು: ಆ ಕವಲಿನಿಂದ ‘ತಲುಪಿತು’ ಎಂದೋ ‘ಗಂಟೆ ಬಾರಿಸುತ್ತಿದೆ’ ಎಂದೋ ಒಂದು ಸುದ್ದಿ ಬರುವ ತನಕ ರದ್ದು ಕಳುಹಿಸುವಂತಿಲ್ಲ. ಆಹ್ವಾನಕ್ಕಿಂತ ಮೊದಲೇ ರದ್ದು ತಲುಪಿದರೆ ಆಮೇಲೆ ಬಂದ ಆಹ್ವಾನ ಯಾರೂ ಕರೆಯದ ಗಂಟೆಯಾಗಿ ಬಾರಿಸುತ್ತಿರಬೇಕಾದೀತು! ಸುಮ್ಮನಾದ ಫೋನು ಅದನ್ನು ‘ಮಿಸ್ಡ್ ಕಾಲ್’ ಎಂದು ತಪ್ಪಾಗಿ ಬರೆದುಕೊಳ್ಳುವ ತೊಂದರೆಯೂ ಇತ್ತು. 2002ರ ಡಿಸೆಂಬರಿನ ಆರ್.ಎಫ್.ಸಿ. 3326, ರದ್ದಿನ ಜೊತೆಗೆ ‘ಬೇರೆ ಕಡೆ ಉತ್ತರಿಸಲಾಗಿದೆ’ ಎಂದು ಕಾರಣ ತಿಳಿಸಲು ಅವಕಾಶ ಮಾಡಿಕೊಟ್ಟಿತು.

ಎರಡು ಕಡೆ ಒಂದೇ ಕ್ಷಣದಲ್ಲಿ ಎತ್ತಿದರೆ? ಆಗ ಪ್ರಾಕ್ಸಿ ಎರಡು ಒಪ್ಪಿಗೆಗಳನ್ನೂ ಕರೆದವನಿಗೆ ಮುಟ್ಟಿಸಲೇಬೇಕು. ಒಂದನ್ನು ನುಂಗುವ ಅಧಿಕಾರ ಅದಕ್ಕಿಲ್ಲ. ಯಾರೊಡನೆ ಮಾತಾಡಬೇಕೆಂಬ ತೀರ್ಮಾನ ಕರೆದವನದು. ಸ್ಟ್ರೌಜರನ ಸಂಶಯಕ್ಕೆ ಇದಕ್ಕಿಂತ ಸರಿಯಾದ ಉತ್ತರ ಬೇಕೆ? ಆದರೆ ಎಲ್ಲರೂ ನಿರಾಕರಿಸಿದಾಗ ಪ್ರಾಕ್ಸಿ ಒಂದೇ ನಿರಾಕರಣೆಯನ್ನು ಆರಿಸಿ ಹಿಂದಕ್ಕೆ ಕಳುಹಿಸುತ್ತದೆ. ಒಂದು ಉಪಕರಣ ಗುರುತಿನ ಪದವನ್ನು ಕೇಳಿ ತಡೆದಿದೆ, ಇನ್ನೊಂದು ಸುಮ್ಮನೆ ಬಾರಿಸುತ್ತಿದೆ ಎನ್ನಿ. ಬಾರಿಸುವುದು ಮುಗಿಯುವ ತನಕ ಮೊದಲನೆಯದರ ಕಾರಣ ಕರೆದವನಿಗೆ ತಿಳಿಯದು. ತಿಳಿದಿದ್ದರೆ ಅವನು ಆಗಲೇ ಸರಿಪಡಿಸಿಕೊಳ್ಳುತ್ತಿದ್ದ. ಈ ತೊಡಕು ಮೊದಲಿನಿಂದಲೂ ತಜ್ಞರಿಗೆ ತಿಳಿದದ್ದೇ.

ಚದುರಂಗದ ಮನೆಗಳು

ಎಲ್ಲಕ್ಕಿಂತ ದೊಡ್ಡ ಪಾಠ ಬಂದದ್ದು 2008ರ ಡಿಸೆಂಬರಿನ ಆರ್.ಎಫ್.ಸಿ. 5393ರಲ್ಲಿ. ಎರಡು ಸರ್ವರುಗಳಲ್ಲಿ ಎರಡೆರಡು ಹೆಸರುಗಳಿದ್ದು, ಒಂದೊಂದು ಹೆಸರೂ ಎದುರಿನ ಸರ್ವರಿನ ಎರಡು ಹೆಸರುಗಳಿಗೆ ಕವಲೊಡೆಯುವಂತೆ ಯಾರಾದರೂ ನೋಂದಾಯಿಸಿದರೆ, ಒಂದು ಕರೆ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಕರೆ ಹೆಚ್ಚೆಂದರೆ ಎಷ್ಟು ಸರ್ವರು ದಾಟಬಹುದೆಂಬುದಕ್ಕೆ ರೂಢಿಯ ಮಿತಿ 70. ಚದುರಂಗದ 64 ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ರಾಜನ ಕಣಜ ಬರಿದಾದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಎಪ್ಪತ್ತು ಇಮ್ಮಡಿ. ಒಂದರ ಮುಂದೆ 21 ಸೊನ್ನೆ ಬರೆದರೆ ಆಗುವ ಸಂಖ್ಯೆಯನ್ನೂ ಮೀರುತ್ತದೆ. ಯಾವ ಸರ್ವರು ತಾಳೀತು? ಆದ್ದರಿಂದ ಕವಲೊಡೆಯುವ ಪ್ರತಿ ಪ್ರಾಕ್ಸಿಯೂ ಕರೆ ಸುತ್ತುತ್ತಿದೆಯೇ ಎಂದು ಪರೀಕ್ಷಿಸಲೇಬೇಕೆಂದು ಕಡ್ಡಾಯ ಮಾಡಿದರು. ಅದುವರೆಗೆ ಅದು ಐಚ್ಛಿಕವಾಗಿತ್ತು. ಒಂದು ಕರೆಗೆ ಏಕಕಾಲದಲ್ಲಿ ಇರಬಹುದಾದ ಕವಲುಗಳಿಗೂ ಮಿತಿ ಬೇಕೆಂದು 60 ಎಂಬ ಅಂಕೆಯನ್ನು ಸೂಚಿಸಿದರು.

ಇದೆಲ್ಲ ದೂರದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮೊಬೈಲು ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ 2000ದಲ್ಲಿ ಸಿಪ್ ಅನ್ನು ಸ್ವೀಕರಿಸಿತು. ನಮ್ಮಲ್ಲಿ 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ದೂರವಾಣಿಗೆ ಅನುಮತಿ ದೊರೆಯಿತು. 2016ರಲ್ಲಿ ಜಿಯೋ ಜಾಲ ಆರಂಭವಾದಾಗ ಅದರ ಮಾತಿನ ಕರೆಗಳೆಲ್ಲವೂ ಈ ಕ್ರಮದಲ್ಲೇ ನಡೆದುವು. 2015ರ ಜುಲೈಯಿಂದ ಬೆಂಗಳೂರಿನ ಸಂಖ್ಯೆಯನ್ನು ಮುಂಬಯಿಗೋ ದೆಹಲಿಗೋ ತಂದು, ಅಲ್ಲಿಯ ಕಂಪನಿಗೆ ವರ್ಗಾಯಿಸಿಕೊಂಡು ಅದನ್ನೇ ಇಟ್ಟುಕೊಳ್ಳಬಹುದು. ಎಂದರೆ ನೋಡಲು ಹತ್ತು ಅಂಕೆಯಾದರೂ ಅದೀಗ ತಂತಿಯ ಗುರುತಲ್ಲ, ಮನುಷ್ಯನ ಹೆಸರೇ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರ ಬೆಲೆ ಹೆಚ್ಚು. ರಾತ್ರಿ ಹೊತ್ತು ಊರಿನಲ್ಲಿ ಹಿರಿಯರಿಗೆ ಮೈ ಸರಿಯಿಲ್ಲವೆಂದು ಮಾಡುವ ಕರೆ ಯಾವ ಕೋಣೆಯ, ಯಾವ ಉಪಕರಣದ ಮೇಲಾದರೂ ಸರಿ, ಮಗನಿಗೆ ಮುಟ್ಟಬೇಕು. ಸರ್ವರು ಎಷ್ಟೇ ಶಿಸ್ತಿನಿಂದ ದುಡಿದರೂ ಅದಕ್ಕೆ ತಿಳಿದಿರುವುದು ಪಟ್ಟಿಯಲ್ಲಿ ಇದ್ದಷ್ಟೇ. ಹಳೆಯ ಆಪರೇಟರಂತೆ ‘ಅವರು ಇಂಥ ಕಡೆ ಹೋಗಿರಬಹುದು’ ಎಂದು ಊಹಿಸಲಾರದು. ಯಾವ ಉಪಕರಣಗಳನ್ನು ಆ ಪಟ್ಟಿಗೆ ಸೇರಿಸಬೇಕು, ಯಾವುದಕ್ಕೆ ಮೊದಲ ಸ್ಥಾನ, ಮಲಗುವಾಗ ಯಾವುದನ್ನು ತೆರೆದಿಡಬೇಕು ಎಂಬುದನ್ನು ನಾವೇ ಯೋಚಿಸಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.