ನಡು ತಗ್ಗಿದ ಮಾಡು

ಮಾಡು ಎಂದರೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಸಂದೇಹವೇ ಇರಲಿಲ್ಲ. ಆದರೆ 1963ರ ಜಿನೀವಾ ಮೋಟಾರು ಪ್ರದರ್ಶನಕ್ಕೆ ಮರ್ಸಿಡಿಸ್-ಬೆಂಜ್‌ನವರು ತಂದಿಟ್ಟ 230 ಎಸ್‌ಎಲ್ ಕಾರಿನ ಚಾವಣಿ ನಡುವೆ ತಗ್ಗಿ, ಎರಡೂ ಅಂಚುಗಳಲ್ಲಿ ಎದ್ದು ನಿಂತಿತ್ತು. ಬೇಕಾದಾಗ ಕೂಡಿಸಿ, ಬೇಡವಾದಾಗ ತೆಗೆದಿಡುವ ಗಟ್ಟಿ ಚಾವಣಿಯದು. ಪೂರ್ವದೇಶಗಳ ಬೌದ್ಧ ಗುಡಿಗಳ ನೆನಪಿನಿಂದ ಕಾರಿಗೆ ‘ಪಗೋಡ’ ಎಂಬ ಅಡ್ಡಹೆಸರೇ ಅಂಟಿತು.

ಕಾರಿನ ರೂಪ ಪಾಲ್ ಬ್ರಾಕ್ ಅವರದು. ಈ ತಗ್ಗಿನ ಆಲೋಚನೆ ಬೇಲಾ ಬಾರೆನ್ಯಿ ಎಂಬ ಎಂಜಿನಿಯರರದು. ಅಪಘಾತವಾದರೆ ಒಳಗಿದ್ದವರ ಪ್ರಾಣ ಉಳಿಯುವುದು ಹೇಗೆಂಬುದೇ ಈತನ ಜೀವಮಾನದ ಚಿಂತೆ. ಅಂಚು ಎತ್ತಿದ್ದರಿಂದ ಕಿಟಕಿಯ ಗಾಜು ದೊಡ್ಡದಾಯಿತು, ಹತ್ತಿ ಇಳಿಯುವುದು ಸುಲಭವಾಯಿತು. ಬಾಗಿದ ತಗಡಿಗೆ ಬಿಗಿಯೂ ಬಂತು. ಅಂದಕ್ಕೆಂದು ನಾವು ಭಾವಿಸುವುದು ಎಷ್ಟೋ ಸಲ ಹೀಗೆ ಉಪಯೋಗಕ್ಕೆ ಹುಟ್ಟಿದ್ದು!

ಕೂಡಿಸುವುದೇನೂ ಮಂತ್ರವಿದ್ಯೆಯಲ್ಲ. ಬಟ್ಟೆಯ ಟಾಪನ್ನು ಮೊದಲು ಮಡಿಸಿ ಸೀಟಿನ ಹಿಂದಿನ ಮುಚ್ಚಳದಡಿ ಅಡಗಿಸಬೇಕು. ಅನಂತರ ಇಬ್ಬರು ಆಚೀಚೆ ನಿಂತು ಚಾವಣಿಯನ್ನೆತ್ತಿ, ಮುಂಗಾಜಿನ ಚೌಕಟ್ಟಿಗೂ ಹಿಂಬದಿಗೂ ಸರಿಯಾಗಿ ಕೂರಿಸಿ ಬಿಗಿಯಬೇಕು. ಒಬ್ಬರೇ ಸಾಹಸ ಮಾಡಿದರೆ ಬಣ್ಣಕ್ಕೆ ಗೀರು ಬೀಳುತ್ತದೆ.

1967ರ 250 ಎಸ್‌ಎಲ್‌ನಲ್ಲಿ ‘ಕ್ಯಾಲಿಫೋರ್ನಿಯ’ ಎಂಬ ಬಗೆಯೊಂದಿತ್ತು. ಅದಕ್ಕೆ ಬಟ್ಟೆಯ ಟಾಪೇ ಇಲ್ಲ. ಆ ಜಾಗ ಹಿಂದಿನ ಪುಟ್ಟ ಸೀಟಿಗೆ ಹೋಯಿತು. ಚಾವಣಿಯನ್ನು ಮನೆಯಲ್ಲಿ ಬಿಟ್ಟು ಹೊರಟವರು ದಾರಿಯಲ್ಲಿ ಮಳೆ ಹಿಡಿದರೆ ಸುಮ್ಮನೆ ನೆನೆಯಬೇಕಿತ್ತು.