ಎರಡೇ ಸ್ಟೇಷನ್ನಿನ ದೂರ

1980ರ ದಶಕದಲ್ಲಿ ಮಾಟುಂಗಾದ ಒಂದು ಖೋಲಿಯಲ್ಲಿ ನಾವು ಆರು ಜನ ಇದ್ದೆವು. ಎಲ್ಲರೂ ದುಡಿಯಲು ಊರು ಬಿಟ್ಟು ಬಂದವರೇ. ಒಬ್ಬ ಮಾತ್ರ ಸಂಬಳ ಕೈಗೆ ಬಂದ ವಾರದಲ್ಲೇ ಅದನ್ನೆಲ್ಲ ಕಾಮಾಠಿಪುರದಲ್ಲಿ ಕಳೆದು, ಮನೆಗೆ ಮನಿಯಾರ್ಡರ್ ಕಳಿಸಲಾಗದೆ ರಾತ್ರಿ ಅಳುತ್ತಿದ್ದ. "ಹೋಗಬಾರದು ಅಂತಲೇ ಹೊರಡ್ತೇನೆ ಮಾರಾಯ, ಕಾಲು ಅಲ್ಲಿಗೇ ಹೋಗ್ತದೆ" ಎನ್ನುತ್ತಿದ್ದ. ನಾವು ಚಟವೆಂದು ನಕ್ಕೆವು. ಲೋಕಲ್ ರೈಲಿನಲ್ಲಿ ಅಂಟಿಸಿದ 'ಗುಪ್ತರೋಗ'ದ ಚೀಟಿ ಬಿಟ್ಟರೆ ಅವನಿಗೆ ಕೇಳುವ ಜಾಗ ಗೊತ್ತಿರಲಿಲ್ಲ.

ಕೇಳುವ ಜಾಗವೊಂದು ಇದೇ ಊರಿನಲ್ಲಿ ಹಿಂದೆ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಗಣಿತದ ಅಧ್ಯಾಪಕ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದರು. ಈ ಕೆಲಸಕ್ಕಾಗಿ ಕಾಲೇಜಿನ ನೌಕರಿ ಬಿಡಬೇಕಾಯಿತು. 1927ರಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ಆರಂಭಿಸಿ, 1953ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಹೆಸರಿನಲ್ಲೇ ಅವರ ನಿಲುವಿದೆ: ಕಾಮದ ಮಾತು ಆರೋಗ್ಯದ ಮಾತು. ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಅಶ್ಲೀಲವೆಂದು 1934ರಲ್ಲಿ ಮೊಕದ್ದಮೆ ನಡೆಯಿತು. ಕರ್ವೆಯವರ ವಕೀಲರು ಡಾ. ಅಂಬೇಡ್ಕರ್. ಕೇಳಿದವರಿಗೆ ತಿಳಿವಳಿಕೆ ಕೊಡುವುದು ಅಶ್ಲೀಲವಲ್ಲ ಎಂಬುದು ಅವರ ವಾದ. ಕೇಸು ಸೋತಿತು, ಕರ್ವೆ ದಂಡ ಕಟ್ಟಿದರು.

ವೈದ್ಯಲೋಕಕ್ಕೂ ಇದು ಸುಲಭದ ವಿಷಯವಾಗಿರಲಿಲ್ಲ. ಅಮೆರಿಕದ ಮನೋವೈದ್ಯರು 2013ರ ತಮ್ಮ ಕೈಪಿಡಿಯಲ್ಲಿ ಅತಿಕಾಮವನ್ನು ಕಾಯಿಲೆಯಾಗಿ ಸೇರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ರೋಗಪಟ್ಟಿ ಮಾತ್ರ, ತಡೆಯಲಾಗದ ಲೈಂಗಿಕ ವರ್ತನೆಯನ್ನು ಮನಸ್ಸಿನ ಕಾಯಿಲೆಗಳಲ್ಲಿ ಸೇರಿಸಿತು. ಆಸೆ ಹೆಚ್ಚಿದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಬೇಡವೆಂದರೂ ನಿಲ್ಲದೆ, ಆರು ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿದು, ಸಂಸಾರ, ದುಡಿಮೆ, ಆರೋಗ್ಯ ಕೆಡಿಸಿದರೆ ಕಾಯಿಲೆ. ಇನ್ನೊಂದು ಮಾತೂ ಅಲ್ಲಿದೆ: ಪಾಪವೆಂಬ ಅಳುಕು ಒಂದೇ ಸಾಕ್ಷಿಯಾಗದು.

ಗೆಳೆಯನ ಅಳುವಿನಲ್ಲಿ ಎರಡೂ ಇದ್ದವು. ನಾಚಿಕೆ ನಮಗೆ ಕಂಡಿತು, ಅದಕ್ಕೇ ನಕ್ಕೆವು. ಮುರಿದುಬೀಳುತ್ತಿದ್ದ ಬದುಕು ಕಾಣಲಿಲ್ಲ. ಕಾಯಿಲೆಯೆಂದರೆ ಮಾಡಿದ್ದಕ್ಕೆಲ್ಲ ಮಾಫಿ ಎಂದಲ್ಲ. ಮದ್ದಿಗೆ ದಾರಿಯಿದೆ ಎಂದಷ್ಟೇ. ಮನೋವೈದ್ಯರು ಖಿನ್ನತೆಯೋ ಉನ್ಮಾದವೋ ಬೆನ್ನಿಗಿದೆಯೇ ನೋಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಬೇಕಾದರೆ ಗುಳಿಗೆಯನ್ನೂ ಬರೆಯುತ್ತಾರೆ.

ಅವನು ಒಂದು ದಿನ ಟ್ರಂಕು ಹಿಡಿದು ಊರಿಗೆ ಹೋದ, ಮತ್ತೆ ಬರಲಿಲ್ಲ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಗಲೂ ಮನೋವೈದ್ಯರಿದ್ದರು. ಮಾಟುಂಗಾದಿಂದ ಎರಡೇ ಸ್ಟೇಷನ್. ಬಾ ಹೋಗೋಣ ಎಂದು ನಾವು ಆರರಲ್ಲಿ ಒಬ್ಬರೂ ಹೇಳಲಿಲ್ಲ.