ಪಟ್ಟಿಯ ಪುಸ್ತಕ, ಕೈಯ ಪುಸ್ತಕ

ಹಳೆಯ ಕಾಲೇಜು ಲೈಬ್ರರಿಯ ಯಾವುದಾದರೂ ಪುಸ್ತಕ ತೆಗೆದು ಕೊನೆಯ ಹಾಳೆ ತಿರುವಿದರೆ ಅಲ್ಲೊಂದು ಚೀಟಿ ಅಂಟಿಸಿರುತ್ತದೆ. ಪುಸ್ತಕ ವಾಪಸು ಕೊಡಬೇಕಾದ ತಾರೀಕುಗಳನ್ನು ನೇರಳೆ ಶಾಯಿಯಲ್ಲಿ ಒತ್ತಿದ ಚೀಟಿ. ಕೆಲವು ಪುಸ್ತಕಗಳಲ್ಲಿ ಮುದ್ರೆಗಳು ಒಂದರ ಮೇಲೊಂದು ಬಿದ್ದು, ಜಾಗ ಸಾಲದೆ ಎರಡನೆಯ ಚೀಟಿ ಅಂಟಿಸಿರುತ್ತಾರೆ. ಕೆಲವುಗಳಲ್ಲಿ ಒಂದೇ ಮುದ್ರೆ, ಅದೂ ಇಪ್ಪತ್ತು ವರ್ಷ ಹಿಂದಿನದು. ಇನ್ನು ಕೆಲವುಗಳಲ್ಲಿ ಅಂಟಿಸಿದ ದಿನ ಹೇಗಿತ್ತೋ ಹಾಗೇ ಖಾಲಿ. ಇಂದು ಅನಲಿಟಿಕ್ಸ್ ಎಂಬ ದೊಡ್ಡ ಹೆಸರು ಹೊತ್ತಿರುವ ವಿದ್ಯೆಗೆ ಈ ಚೀಟಿಯೇ ಮೂಲ ಬಂಡವಾಳ.

ಅಮೆರಿಕದ ರಿಚರ್ಡ್ ಟ್ರೂಸ್‌ವೆಲ್ ಗ್ರಂಥಪಾಲಕರಲ್ಲ, ಕೈಗಾರಿಕಾ ಎಂಜಿನಿಯರಿಂಗ್ ಪ್ರಾಧ್ಯಾಪಕ. ಗೋದಾಮಿನಲ್ಲಿ ಯಾವ ಸರಕು ಓಡುತ್ತದೆ, ಯಾವುದು ಕೂತೇ ಇರುತ್ತದೆ ಎಂದು ನೋಡುವ ಕಣ್ಣನ್ನೇ ಅವರು ಲೈಬ್ರರಿಯ ಕಪಾಟಿನತ್ತ ತಿರುಗಿಸಿದರು. ಪುಸ್ತಕ ಕೊನೆಯ ಸಲ ಹೊರಗೆ ಹೋದ ತಾರೀಕನ್ನೇ ಅಳತೆಗೋಲು ಮಾಡಿಕೊಂಡರು. 1969ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಈಗ ಎಲ್ಲರ ಬಾಯಲ್ಲಿದೆ: ನೂರಕ್ಕೆ ಸುಮಾರು 80 ಇಶ್ಯೂಗಳು ಸಂಗ್ರಹದ ನೂರಕ್ಕೆ 20ರಷ್ಟು ಪುಸ್ತಕಗಳಿಂದಲೇ ಆಗುತ್ತವೆ. ಅದೇ 1969ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಕೊಂಡ ಪುಸ್ತಕಗಳ ಬೆನ್ನು ಹತ್ತಿದ ಅಧ್ಯಯನವೊಂದು, ಹತ್ತು ವರ್ಷಗಳ ನಂತರ ಕಹಿ ಸುದ್ದಿ ಕೊಟ್ಟಿತು. ಮೊದಲ ಆರು ವರ್ಷಗಳಲ್ಲಿ ಅವುಗಳಲ್ಲಿ ಶೇಕಡಾ ಸುಮಾರು 40ರಷ್ಟು ಪುಸ್ತಕಗಳು ಒಂದು ಸಲವೂ ಇಶ್ಯೂ ಆಗಿರಲಿಲ್ಲ. ಪ್ರಾಧ್ಯಾಪಕರು ಸಿಟ್ಟಾದರು, ಲೆಕ್ಕದ ವಿಧಾನದ ಮೇಲೇ ಜಗಳ ನಡೆಯಿತು.

ಈ ಎಣಿಕೆಯ ಕಲ್ಪನೆ ಅಮೆರಿಕದ್ದೇ ಅಂದುಕೊಳ್ಳಬೇಕಿಲ್ಲ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಮೇಷ್ಟರಾಗಿ ಬಂದಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗಣಿತ ಬಿಟ್ಟು ಬಂದರೂ ಗಣಿತ ಅವರನ್ನು ಬಿಡಲಿಲ್ಲ. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಆಸ್ಲಿಬ್ ಸಮ್ಮೇಳನದಲ್ಲಿ, ಲೈಬ್ರರಿಯ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಹಚ್ಚುವ ‘ಲೈಬ್ರಮೆಟ್ರಿ’ ಎಂಬ ಶಾಖೆ ಬೇಕೆಂದು ವಾದಿಸಿದರು. ‘ಬಿಬ್ಲಿಯೊಮೆಟ್ರಿಕ್ಸ್’ ಎಂಬ ಹೆಸರನ್ನು ಅಲನ್ ಪ್ರಿಚರ್ಡ್ ಚಾಲ್ತಿಗೆ ತಂದದ್ದು ಅದಾದ 21 ವರ್ಷಕ್ಕೆ. 1957ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ ರಂಗನಾಥನ್ ಬೆಂಗಳೂರಿನಲ್ಲಿದ್ದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಡಿ 1962ರಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದ್ದೂ ಇಲ್ಲೇ. ಅಲ್ಲಿಂದ ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಬಸ್ಸಿನ ದಾರಿ. ಹತ್ತಿರದ ವಿದ್ಯೆ ಹತ್ತಿರದ ಊರಿಗೆ ಬೇಗ ಮುಟ್ಟುತ್ತದೆ ಎಂದೇನೂ ಇಲ್ಲ.

ಹೊಸೂರು, ಕೃಷ್ಣಗಿರಿಯ ಕಡೆ ‘ರೀಡಿಂಗ್ ಲಿಸ್ಟ್’ ಎಂದು ಕೇಳಿದರೆ ಹುಡುಗರು ಮುಖ ನೋಡುತ್ತಾರೆ. ಬ್ರಿಟನ್ನಿನಲ್ಲಿ ಪಾಠ ಮಾಡುವವರೇ ವಾರವಾರಕ್ಕೆ ಇದನ್ನು ಓದಿ, ಅದನ್ನು ಓದಿ ಎಂದು ಪಟ್ಟಿ ಕೊಡುತ್ತಾರೆ. ಇಲ್ಲಿ ಪಟ್ಟಿ ಇರುವುದು ಸಿಲಬಸ್ಸಿನ ಬಾಲದಲ್ಲಿ. ಅಣ್ಣಾ ವಿಶ್ವವಿದ್ಯಾಲಯದ 2021ರ ನಿಯಮಾವಳಿಯ ಸಿಲಬಸ್ ತೆರೆದರೆ ಪ್ರತಿ ವಿಷಯಕ್ಕೂ ಐದು ಯೂನಿಟ್, ಅವುಗಳ ಕೆಳಗೆ ‘ಟೆಕ್ಸ್ಟ್ ಬುಕ್ಸ್’, ಅದರ ಕೆಳಗೆ ‘ರೆಫರೆನ್ಸಸ್’. ಕೃಷ್ಣಗಿರಿಯ ಸರ್ಕಾರಿ ಕಲಾ ಕಾಲೇಜುಗಳು ಸೇರಿರುವುದು 1997ರಲ್ಲಿ ಸೇಲಂನಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ; ಅಲ್ಲಿನ ಕ್ರಮವೂ ಹೆಚ್ಚು ಬೇರೆಯಲ್ಲ. ಪಟ್ಟಿಯನ್ನು ದೂರದ ಊರಿನ ಸಮಿತಿ ಮಾಡುತ್ತದೆ, ಪುಸ್ತಕವನ್ನು ಕಾಲೇಜು ಕೊಳ್ಳುತ್ತದೆ. ಯಾರು ಓದಿದರು ಎಂಬುದು ಸಮಿತಿಗೆ ಮರಳಿ ಮುಟ್ಟುವ ದಾರಿ ಸುಲಭವಾಗಿ ಕಾಣದು.

ಬ್ರಿಟನ್ನಿನಲ್ಲಿ ಈ ದಾರಿಯನ್ನು ತಂತ್ರಾಂಶ ಹಾಕಿಕೊಟ್ಟಿತು. ಲಫ್‌ಬರೋ ವಿಶ್ವವಿದ್ಯಾಲಯ ತನ್ನದೇ ಪಟ್ಟಿ ವ್ಯವಸ್ಥೆ ಬರೆದುಕೊಂಡಿತು; ಆಮೇಲೆ ಟ್ಯಾಲಿಸ್ ಆಸ್ಪೈರ್, ಲೆಗಾಂಟೊದಂಥ ವ್ಯಾಪಾರಿ ತಂತ್ರಾಂಶಗಳು ಬಂದವು. ಪಟ್ಟಿಯನ್ನು ಎಷ್ಟು ಸಲ ತೆರೆದರು, ಯಾವ ಪುಸ್ತಕದ ಮೇಲೆ ಕ್ಲಿಕ್ ಬಿತ್ತು, ಇಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಪ್ರತಿ ಇದೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಸಿಗುವಂತಾಯಿತು.

ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಮಾತು ಹೇಳಿದ್ದು ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2011ರಲ್ಲಿ ನಡೆದ ಯೋಜನೆ. ಎಂಟು ವಿಶ್ವವಿದ್ಯಾಲಯಗಳ 33,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೈಬ್ರರಿ ಬಳಕೆಯ ಲೆಕ್ಕವನ್ನು ಅವರ ಪದವಿಯ ದರ್ಜೆಯ ಪಕ್ಕದಲ್ಲಿಟ್ಟು ನೋಡಿದರು. ಪುಸ್ತಕ ಒಯ್ದದ್ದಕ್ಕೂ ದರ್ಜೆಗೂ ನಂಟಿತ್ತು. ಇ-ಸಂಪನ್ಮೂಲ ಬಳಸಿದ್ದಕ್ಕೂ ನಂಟಿತ್ತು. ಲೈಬ್ರರಿಯ ಬಾಗಿಲು ದಾಟಿ ಒಳಗೆ ಬಂದದ್ದಕ್ಕೆ ಮಾತ್ರ ಅಂಥ ನಂಟು ಕಾಣಲಿಲ್ಲ. ನಂಟು ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಲ್ಲ ಎಂದು ಸಂಶೋಧಕರು ಎಚ್ಚರಿಸಿಯೂ ಇದ್ದರು.

ನಮ್ಮ ಕಾಲೇಜುಗಳು ಶ್ರದ್ಧೆಯಿಂದ ಬರೆದಿಡುವುದು ಆ ಬಾಗಿಲಿನ ಲೆಕ್ಕವನ್ನೇ. ನ್ಯಾಕ್ ಮಾನ್ಯತೆಯ ಕೈಪಿಡಿಯಲ್ಲಿ ದಿನಕ್ಕೆ ಎಷ್ಟು ಜನ ಲೈಬ್ರರಿ ಬಳಸಿದರು ಎಂಬ ಅಂಶವೊಂದಿತ್ತು: ಒಳಬಂದವರ ಸಂಖ್ಯೆ, ಜೊತೆಗೆ ಆನ್‌ಲೈನ್ ಲಾಗಿನ್. ಹಾಗಾಗಿ ಬಾಗಿಲ ಬಳಿಯ ಉದ್ದ ರಿಜಿಸ್ಟರಿಗೆ ಭಾರೀ ಮರ್ಯಾದೆ. ಹೆಸರು, ವಿಭಾಗ, ಬಂದ ಹೊತ್ತು, ಹೋದ ಹೊತ್ತು, ಸಹಿ. ಫ್ಯಾನಿನ ಕೆಳಗೆ ಕೂರಲು ಬಂದವನೂ ಅದರಲ್ಲಿ ಒಬ್ಬ ಓದುಗ.

ಇ-ಪುಸ್ತಕಗಳ ಕಡೆ ಲೆಕ್ಕ ಇಷ್ಟು ಸಡಿಲವಿಲ್ಲ. ಪ್ರಕಾಶಕರು ಬಳಕೆಯನ್ನು ಹೇಗೆ ಎಣಿಸಬೇಕು ಎಂಬುದಕ್ಕೆ 2002ರಲ್ಲಿ ಶುರುವಾದ ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ ಐದನೆಯ ಆವೃತ್ತಿಯ ಪ್ರಕಾರ ಒಂದೇ ಕೊಂಡಿಯನ್ನು 30 ಸೆಕೆಂಡಿನೊಳಗೆ ಎರಡು ಸಲ ಒತ್ತಿದರೆ ಲೆಕ್ಕಕ್ಕೆ ಒಂದೇ. ನೆಟ್ ನಿಧಾನವೆಂದು ಮತ್ತೆ ಮತ್ತೆ ಕುಟ್ಟುವ ಬೆರಳಿಗೆ ಹಾಕಿದ ಕಡಿವಾಣ ಇದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರ ಹೊತ್ತಿಗೆ ಎನ್-ಲಿಸ್ಟ್ ಯೋಜನೆಯ ಮೂಲಕ ಕಾಲೇಜುಗಳಿಗೂ ಇ-ಪುಸ್ತಕ, ಇ-ಜರ್ನಲ್ ಮುಟ್ಟಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಇಷ್ಟು ದುಡ್ಡು ಸುರಿದ ಮೇಲೆ ಯಾರು ಎಷ್ಟು ಓದಿದರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆದರೆ ಜರ್ನಲ್ ಡೌನ್‌ಲೋಡ್ ಬೇರೆ, ಪಟ್ಟಿಯ ಪುಸ್ತಕ ಬೇರೆ. ಪಟ್ಟಿಯ ಪುಸ್ತಕದ ಬಳಕೆ ಎಣಿಕೆಯಿಂದ ನುಣುಚಿಕೊಳ್ಳುವ ದಾರಿಗಳು ಹಲವು. ಬುಕ್ ಬ್ಯಾಂಕಿನಿಂದ ಒಯ್ದ ಪುಸ್ತಕ ಇಡೀ ಸೆಮಿಸ್ಟರ್ ಹಾಸ್ಟೆಲಿನಲ್ಲೇ ಇದ್ದು ನಾಲ್ಕು ಜನರ ಕೈ ಸುತ್ತಿದರೂ ದಾಖಲೆಯಲ್ಲಿ ಒಂದೇ ಇಶ್ಯೂ. ರೆಫರೆನ್ಸ್ ಪ್ರತಿಯಿಂದ ಹತ್ತು ಪುಟ ಜೆರಾಕ್ಸ್ ಮಾಡಿಸಿಕೊಂಡರೆ ಅದೂ ಇಲ್ಲ. ಇನ್ನು ಎರಡು ಮಾರ್ಕಿನ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿಟ್ಟ ಗೈಡುಗಳು: ಪರೀಕ್ಷೆಯ ಹಿಂದಿನ ವಾರ ಎಲ್ಲರ ಕೈಯಲ್ಲೂ ಇರುವುದು ಅವೇ, ಸಿಲಬಸ್ಸಿನ ಪಟ್ಟಿಯಲ್ಲಿ ಇಲ್ಲದಿರುವುದೂ ಅವೇ. ಮನೆಯಲ್ಲಿ ಕನ್ನಡವೋ ತೆಲುಗೋ, ಪೇಟೆಯಲ್ಲಿ ತಮಿಳು, ಪಟ್ಟಿಯಲ್ಲಿ ಇಂಗ್ಲಿಷ್ ಆಗಿರುವ ತಳಿ, ಡೆಂಕಣಿಕೋಟೆ ಊರುಗಳ ಕಡೆಯ ಹುಡುಗಿ ಒಂದು ಅಧ್ಯಾಯವನ್ನು ಯಾವ ಭಾಷೆಯಲ್ಲಿ ಅರ್ಥ ಮಾಡಿಕೊಂಡಳು ಎಂಬುದಕ್ಕೆ ಯಾವ ತಂತ್ರಾಂಶದಲ್ಲೂ ಅಂಕಣವಿಲ್ಲ. ಬೆಳಗಿನ ಬಸ್ಸಿನಲ್ಲಿ ಅತ್ತಿಬೆಲೆ ದಾಟಿ ಬೆಂಗಳೂರಿನ ಕಾಲೇಜಿಗೆ ಹೋಗುವವರ ಓದು ಕರ್ನಾಟಕದ ಲೆಕ್ಕಕ್ಕೆ ಸೇರುತ್ತದೆ, ಬಿಡಿ.

ಹಾಗೆಂದು ಕೈ ಕಟ್ಟಿ ಕೂರಬೇಕಾದ ಸ್ಥಿತಿಯೂ ಇಲ್ಲ. ನ್ಯೂಜಿಲೆಂಡಿನ ಒಂದು ಊರ ಲೈಬ್ರರಿಗಾಗಿ ತಯಾರಾಗಿ 2000ರಲ್ಲಿ ಬಳಕೆಗೆ ಬಂದ ‘ಕೋಹಾ’ ತಂತ್ರಾಂಶ ಪುಕ್ಕಟೆ. ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಎಂದೇ ಅರ್ಥ. ಅದು ಇಶ್ಯೂ, ರಿಟರ್ನ್, ರಿನ್ಯೂ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡುತ್ತದೆ, ಹಾಗಾಗಿ ಮೂರು ಜನ ಒಯ್ದದ್ದೋ ಒಬ್ಬರೇ ಮೂರು ಸಲ ಮುಂದುವರಿಸಿದ್ದೋ ಎಂಬುದು ತಿಳಿಯುತ್ತದೆ. ವಿಷಯದ ಕೋಡಿನ ಕೆಳಗೆ ಪುಸ್ತಕಗಳನ್ನು ಜೋಡಿಸುವ ‘ಕೋರ್ಸ್ ರಿಸರ್ವ್ಸ್’ ಎಂಬ ವಿಭಾಗವೂ ಅದರಲ್ಲಿದೆ. ಸಿಲಬಸ್ಸಿನ ಬಾಲವನ್ನು ಯಾರಾದರೂ ಕೂತು ಅಲ್ಲಿ ಏರಿಸಬೇಕು, ಅಷ್ಟೆ. ಯಾರ ಹೆಸರಿನ ಓದನ್ನು ಎಷ್ಟು ದಿನ ದಾಖಲೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದನ್ನು ಮಾತ್ರ 2023ರ ದತ್ತಾಂಶ ರಕ್ಷಣೆ ಕಾಯ್ದೆಯ ನಂತರ ಮೊದಲೇ ತೀರ್ಮಾನಿಸುವುದು ಒಳ್ಳೆಯದು.

ಏರಿಸಿದ ಮೇಲೂ ಕೆಲಸ ಮುಗಿಯದು. ಅಣ್ಣಾ ವಿಶ್ವವಿದ್ಯಾಲಯದ 2017ರ ನಿಯಮಾವಳಿಯಲ್ಲಿ ಮೊದಲ ಸೆಮಿಸ್ಟರಿನ ಗಣಿತದ ಕೋಡು ಎಂಎ8151. 2021ರ ನಿಯಮಾವಳಿಯಲ್ಲಿ ಅದರ ಜಾಗಕ್ಕೆ ಬಂದದ್ದು ಎಂಎ3151. ಎರಡರಲ್ಲೂ ಬಿ. ಎಸ್. ಗ್ರೆವಾಲ್ ಅವರ ದಪ್ಪ ಗಣಿತ ಪುಸ್ತಕ ಇದೆ. ಒಂದೇ ಕಪಾಟು, ಬೆನ್ನುಪಟ್ಟಿ ಹರಿದ ಒಂದೇ ಪ್ರತಿ, ಎರಡು ಕೋಡು. ಹಳೆಯ ಎಣಿಕೆಯನ್ನು ಹೊಸ ಕೋಡಿಗೆ ಜೋಡಿಸದಿದ್ದರೆ, ಮುದ್ರೆ ಒತ್ತಲು ಜಾಗ ಉಳಿಯದ ಆ ಪುಸ್ತಕವೇ ವರದಿಯಲ್ಲಿ ನಿನ್ನೆ ಮೊನ್ನೆ ಬಂದ ಹೊಸ ಪುಸ್ತಕದಂತೆ ಕಾಣುತ್ತದೆ.